ಮೊಸರಲ್ಲ, ತುಪ್ಪ

ಗುರುದೇವಿ ಚುಚ್ಚದ ತೋಳು ಲಿಂಗಂಪಲ್ಲಿ ಸ್ಟೇಷನ್ನಿನಿಂದ ಪಟಾನ್‌ಚೆರುವಿನ ಕೊನೆಯ ಚಿಮಣಿಯವರೆಗೆ ಒಂದೂ ಉಳಿದಿರಲಿಲ್ಲ; ಉಳಿದಿದ್ದರೆ ಅದು ಇನ್ನೂ ತಾಯಿಯ ಹೊಟ್ಟೆಯಿಂದ ಹೊರಬಂದಿಲ್ಲ ಎಂದೇ ಅರ್ಥ. ಇಪ್ಪತ್ತೆರಡು ವರ್ಷದಿಂದ ಅವಳು ರಕ್ತ ತೆಗೆಯುತ್ತಿದ್ದಳು. ಅಷ್ಟನ್ನೂ ಒಟ್ಟಿಗೆ ಸುರಿದಿದ್ದರೆ ಹುಸೇನ್ ಸಾಗರದ ದಂಡೆಯ ಚಾಟ್ ಬಂಡಿಗಳು ತೇಲಿಕೊಂಡು ಸಿಕಂದರಾಬಾದಿಗೆ ಹೋಗುತ್ತಿದ್ದವು.

ಸೇಡಂ ಕಡೆಯ ಹೆಂಗಸು. ಗಾರೆ ಕೆಲಸಕ್ಕೆ ಬಂದ ಯಾದಗಿರಿ, ರಾಯಚೂರಿನವರ ಬಿಸಿಲಿಗೆ ಸುಟ್ಟ ತೋಳಿನಲ್ಲಿ, ಔಷಧ ಕಾರ್ಖಾನೆಯಲ್ಲಿ ದುಡಿದು ಚರ್ಮ ಚಕ್ಕಳವಾದವರ ತೋಳಿನಲ್ಲಿ, ಉಬ್ಬಿ ತಲೆದಿಂಬಿನಂತಾದ ಸೇಠುಗಳ ತೋಳಿನಲ್ಲಿ ನರ ಎಲ್ಲಿ ಅಡಗಿದೆ ಅಂತ ಅವಳಿಗೆ ಮುಟ್ಟುವ ಮೊದಲೇ ಗೊತ್ತಾಗುತ್ತಿತ್ತು. ಕಲ್ಲುಬಂಡೆಯ ಮೇಲೆ ಬೆರಳಾಡಿಸಿದರೂ "ಇಲ್ಲೈತಿ ನೋಡು" ಅನ್ನುತ್ತಿದ್ದಳು. ಅಲ್ಲಿ ಬೋರು ಕೊರೆಸಿದ್ದರೆ ನೀರು ಬೀಳುತ್ತಿತ್ತು. ಕೈ ಇಷ್ಟು ಮೆತ್ತಗಿದ್ದುದಕ್ಕೋ ಏನೋ, ದೇವರು ಖಾರವನ್ನೆಲ್ಲ ಬಾಯಿಗೆ ಹಾಕಿದ್ದ. ಗುಂಟೂರು ಮೆಣಸಿನಕಾಯಿ ವ್ಯಾಪಾರಿಯೊಬ್ಬ ಅವಳ ಮಾತು ಕೇಳಿ ಕಣ್ಣಲ್ಲಿ ನೀರು ತುಂಬಿಕೊಂಡು ಮೆಟ್ಟಿಲಿಳಿದದ್ದನ್ನು ಇಡೀ ಬೀದಿಯೇ ನೋಡಿದೆ.

ಅವಳು ಕೆಲಸ ಮಾಡುತ್ತಿದ್ದುದು ಪಂಚಪ್ರಾಣ ಡಯಾಗ್ನಸ್ಟಿಕ್ಸ್ ಎಂಬ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ; ಸ್ಟೇಷನ್ನಿನ ಎದುರು, ಮಿರ್ಚಿ ಬಜ್ಜಿ ಅಂಗಡಿಯ ಮಹಡಿ. ಒಡೆಯ ಡಾಕ್ಟರ್ ವಿಠಲ, ಭಾಲ್ಕಿಯವರು, ಮೈಕ್ರೋಸ್ಕೋಪಿನ ಜೊತೆ ಮಾತ್ರ ಧೈರ್ಯವಾಗಿ ಮಾತಾಡುವ ಮನುಷ್ಯ. ಎರಡು ಸಾವಿರದ ಆರನೇ ಇಸವಿ ಅದು. ಕೊಂಡಾಪುರದಲ್ಲಿ ನಾಯಿ ಕಾಲೆತ್ತಲು ಒಂದು ಕಂಬ ಗೊತ್ತುಮಾಡಿಕೊಂಡು ಒಂದು ಸುತ್ತು ಹಾಕಿ ಬರುವಷ್ಟರಲ್ಲಿ ಕಂಬದ ಜಾಗದಲ್ಲಿ ಏಳು ಮಹಡಿಯ ಸಾಫ್ಟ್‌ವೇರ್ ಕಂಪನಿ ನಿಂತಿರುತ್ತಿತ್ತು. ಅಂಥ ನಾಲ್ಕಾರು ಕಂಪನಿಗಳ ಆರೋಗ್ಯ ತಪಾಸಣೆಯ ಗುತ್ತಿಗೆ ಪಂಚಪ್ರಾಣಕ್ಕೆ ಸಿಕ್ಕಿತು. ವಿಠಲರು ಖುಷಿಪಡುವ ಬದಲು ಗಾಬರಿಬಿದ್ದು ಒಬ್ಬ ಮ್ಯಾನೇಜರನ್ನು ತಂದರು. ಅವನೇ ತರುಣ.

ತರುಣ ಬೆಂಗಳೂರಿನವನು. ಇದಕ್ಕೆ ಮೊದಲು ಐಸ್‌ಕ್ರೀಮ್ ಕಂಪನಿಯೊಂದರಲ್ಲಿ ಸಾಗಣೆ ನೋಡಿಕೊಳ್ಳುತ್ತಿದ್ದ. ಮೇ ತಿಂಗಳ ನಡುವೆ ಕುಲ್ಫಿಯನ್ನು ನಾಗಪುರದವರೆಗೆ ಒಂದು ಹನಿ ಕರಗದಂತೆ ತಲುಪಿಸಿದ್ದು ಅವನ ಬಾಳಿನ ಕುರುಕ್ಷೇತ್ರ. ಆ ಪಾಂಡಿತ್ಯವನ್ನು ಹಾಗೇ ಹೊತ್ತು ಲ್ಯಾಬಿಗೆ ಬಂದ. ಅವನ ಪ್ರಕಾರ ತಣ್ಣಗಿದ್ದದ್ದು ಉಳಿಯುತ್ತದೆ, ಬೆಚ್ಚಗಾದದ್ದು ಕೆಡುತ್ತದೆ. ಹಾಲಾಗಲಿ, ಕುಲ್ಫಿಯಾಗಲಿ, ಮನುಷ್ಯರ ರಕ್ತವಾಗಲಿ. ತೆಗೆದ ರಕ್ತದ ಟ್ಯೂಬು ಆ ಕ್ಷಣವೇ ಐಸ್ ಡಬ್ಬಿಗೆ ಹೋಗಬೇಕು, ಕಣ ಎಣಿಸುವ ಮಷೀನಿನ ಕೋಣೆ ಹದಿನಾರು ಡಿಗ್ರಿ ದಾಟಬಾರದು ಅಂತ ಗೋಡೆಗೆ ನಿಯಮ ಅಂಟಿಸಿದ. ಆ ಕೋಣೆಗೆ ತಪ್ಪಿ ಹೊಕ್ಕ ಸೊಳ್ಳೆಗಳು ಕಚ್ಚುವುದು ಬಿಟ್ಟು ಮಫ್ಲರ್ ಹುಡುಕುತ್ತಿದ್ದವು.

"ರಕ್ತ ಅಂದ್ರ ಕುಲ್ಫಿ ಏನ್ರಿ ಸಾಹೇಬ್ರ, ಕಡ್ಡಿ ಚುಚ್ಚಿ ಕೊಡ್ಲೇನು?" ಅಂದಳು ಗುರುದೇವಿ ಮೊದಲ ದಿನವೇ.

"ಪ್ರೊಸೆಸ್ ಅಂದ್ರೆ ಪ್ರೊಸೆಸ್, ಮೇಡಂ. ನಿಮ್ಮ ಕಾಲದ ಹಾಗೆ ಕೈಚಳಕದ ಮೇಲೆ ಲ್ಯಾಬ್ ನಡೆಯಲ್ಲ ಈಗ."

"ಹೌದು ಬಿಡ್ರಿ. ನಾಳಿಂದ ನಿಮ್ಮ ಪ್ರೊಸೆಸ್ಸಿಗೇ ಹೇಳ್ರಿ, ಸೂಜಿ ಚುಚ್ಚತೈತಿ."

ಆ ದಿನದಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರೆ ಲ್ಯಾಬಿನ ಟ್ಯೂಬ್‌ಲೈಟು ಮಿಣುಕುತ್ತಿತ್ತು. ಐಸಿನಲ್ಲಿಟ್ಟ ಸಾವಿರಾರು ಟ್ಯೂಬುಗಳಿಗೆ ಏನೂ ಆಗಲಿಲ್ಲ. ತರುಣನ ಕುತ್ತಿಗೆ ದಿನಕ್ಕೊಂದು ಅಂಗುಲ ಎತ್ತರವಾಯಿತು. ಗುರುದೇವಿ ಒಂದು ತಪ್ಪು ಮಾಡಲಿ ಅಂತ ಅವನು ಕಾದ. ಆ ತಪ್ಪು ಏಪ್ರಿಲ್ ತಿಂಗಳಲ್ಲಿ ಅಪೂರ್ವಳ ರೂಪದಲ್ಲಿ ಮೆಟ್ಟಿಲು ಹತ್ತಿ ಬಂತು.

ಅಪೂರ್ವ ಉಡುಪಿಯ ಹುಡುಗಿ, ಕೊಂಡಾಪುರದ ಕಂಪನಿಯಲ್ಲಿ ಹನ್ನೆರಡು ಜನರ ಮೇಲೆ ಅಧಿಕಾರ ನಡೆಸುವವಳು. ಹೊರಗೆ ಕಾಗೆ ಹಾರುತ್ತಲೇ ಹುರಿದು ಬೀಳುವಷ್ಟು ಬಿಸಿಲಿರುವಾಗ ಅವಳು ಉಣ್ಣೆಯ ಸ್ವೆಟರು, ಕೈಗವಸು ಹಾಕಿಕೊಂಡು ಬಂದಿದ್ದಳು. ಮುಖ ಹಳೇ ಕಾಗದದ ಬಣ್ಣ. ಕೋಪ ಮಾತ್ರ ಹೊಸದು.

"ಬೇಗ ತೆಗೀರಿ," ಅಂದಳು ಕೂರುತ್ತಲೇ. "ಆಫೀಸಿನ ಏಸಿಯಲ್ಲಿ ಕೂತ್ರೆ ಬೆರಳು ನೀಲಿ ಆಗ್ತದೆ, ಎರಡು ಮೆಟ್ಟಿಲು ಹತ್ತಿದ್ರೆ ಉಸಿರು ಹೋಗ್ತದೆ. ಏಸಿ ಇಲ್ಲದ ಜಾಗ ಕೊಡಿ ಅಂದ್ರೆ ಕೆಲಸಗಳ್ಳಿ ಅಂತಾರೆ. ನಿಜವಾಗಿ ಎಂತಾದ್ರೂ ಉಂಟಾ ಇಲ್ವಾ, ಕಾಗದದಲ್ಲಿ ಬೇಕು ನನಗೆ."

"ಕೈಚೀಲ ತಗೀ," ಅಂದಳು ಗುರುದೇವಿ, ಗವಸು ತೋರಿಸಿ.

"ಮರ್ಯಾದೆ ಕೊಟ್ಟು ಮಾತಾಡಿ."

"ಮರ್ಯಾದಿ ಕೌಂಟರಿನ್ಯಾಗ ಕೊಡ್ತಾರ. ಇಲ್ಲಿ ಬರೇ ಸೂಜಿ."

ಒಂದೇ ಏಟು, ಟ್ಯೂಬು ತುಂಬಿತು, ಐಸ್ ಡಬ್ಬಿಗೆ ಬಿತ್ತು. ಅರ್ಧ ಗಂಟೆಯ ಮೇಲೆ ಮಷೀನು ಉಗುಳಿದ ಕಾಗದ ನೋಡಿ ತರುಣನ ಹುಬ್ಬು ಕೂದಲಿಗೆ ಸೇರಿತು. ಕೆಂಪು ಕಣ ನಲವತ್ತೈದು ಲಕ್ಷ ಇರಬೇಕಾದಲ್ಲಿ ಎಂಟು ಲಕ್ಷ. ಆದರೆ ಅದೇ ಕಣಗಳೊಳಗಿನ ಕೆಂಪು ಬಣ್ಣ, ಹಿಮೋಗ್ಲೋಬಿನ್ನು, ಹನ್ನೆರಡು ಇರಬೇಕಾದಲ್ಲಿ ಎಂಟೂವರೆ. ಎಂಟು ಲಕ್ಷ ಕಣ ಅಷ್ಟು ಬಣ್ಣ ಹೊತ್ತಿರಬೇಕಾದರೆ ಒಂದೊಂದೂ ಕುಂಬಳಕಾಯಿ ಗಾತ್ರ ಇರಬೇಕು. ಮಷೀನಿನ ಲೆಕ್ಕ ನಂಬುವುದಾದರೆ ಅಪೂರ್ವ ಸತ್ತು ಹನ್ನೊಂದು ದಿನ ಆಗಿತ್ತು. ಹನ್ನೆರಡನೇ ದಿನ ತಾನೇ ಆಟೋ ಹಿಡಿದು ರಿಪೋರ್ಟು ಕೇಳಲು ಬಂದಿದ್ದಳು.

"ಹೆಪ್ಪುಗಟ್ಟಿಸಿದ್ದೀರಿ," ಅಂದ ತರುಣ. ಅವನ ದನಿಯಲ್ಲಿ ಯುಗಾದಿ ಇತ್ತು. "ನಿಧಾನಕ್ಕೆ ಎಳೆದಿದ್ದೀರಿ, ಟ್ಯೂಬಿನ ಮದ್ದಿಗೆ ಸರಿಯಾಗಿ ಬೆರೆಸಿಲ್ಲ. ಕಣ ಎಲ್ಲ ಗಂಟಾಗಿದೆ, ಮಷೀನು ಗಂಟನ್ನ ಒಂದು ಕಣ ಅಂತ ಎಣಿಸಿದೆ."

ಗುರುದೇವಿ ಟ್ಯೂಬನ್ನು ಬೆಳಕಿಗೆ ಹಿಡಿದಳು. ಹೆಪ್ಪುಗಟ್ಟಬಾರದು ಅಂತ ಟ್ಯೂಬಿನ ತಳದಲ್ಲಿ ಮದ್ದು ಹಾಕಿಯೇ ಇರುತ್ತಾರೆ. ಆದರೂ ಗಾಜಿನ ಗೋಡೆಗೆ ಕೆಂಪು ರವೆ ಅಂಟಿದಂತೆ ಕಾಳುಕಾಳು. ಇಪ್ಪತ್ತೆರಡು ವರ್ಷದಲ್ಲಿ ಮೊದಲ ಸಲ ಅವಳ ಬಾಯಿಗೆ ಉತ್ತರ ಬರಲಿಲ್ಲ. ಬಜ್ಜಿ ಅಂಗಡಿಯವನು ಮೇಲೆ ಏನೋ ಅನಾಹುತವಾಗಿದೆ ಅಂತ ಎಣ್ಣೆಯ ಬಾಣಲೆ ಇಳಿಸಿ ಕಿವಿಗೊಟ್ಟನಂತೆ.

ಎರಡನೇ ಸಲ ಅಪೂರ್ವಳನ್ನು ಕರೆಸಿದರು. ಬಂದವಳು ಕೂರಲಿಲ್ಲ.

"ಒಂದು ಟ್ಯೂಬು ರಕ್ತ ಸಮ ತೆಗೀಲಿಕ್ಕೆ ಬರೋದಿಲ್ವಾ ನಿಮಗೆ? ನಮ್ಮ ಊರಿನಲ್ಲಿ ಸೊಳ್ಳೆ ಕೂಡ ಒಂದೇ ಸಲಕ್ಕೆ ತೆಗೀತದೆ."

"ನಿಮ್ಮೂರಿನ ಸೊಳ್ಳಿಗೆ ಬಡ್ತಿ ಕೊಡಸ್ರಿ, ಕಂಪನಿ ಗಾಡ್ಯಾಗ ಕರಕೊಂಡು ಬರ್ರಿ."

ಈ ಸಲ ಗುರುದೇವಿ ಮಿಂಚಿನಂತೆ ಎಳೆದಳು, ಎಂಟು ಸಲ ಮೆಲ್ಲಗೆ ತಿರುವಿ ಮದ್ದಿಗೆ ಬೆರೆಸಿದಳು, ಬಾಯಲ್ಲಿ ಎಣಿಸಿದಳು, ಎಲ್ಲರಿಗೂ ಕೇಳುವ ಹಾಗೆ. ಟ್ಯೂಬು ಐಸಿಗೆ ಹೋಯಿತು. ಬಂದದ್ದು ಏಳು ಲಕ್ಷ. ಟ್ಯೂಬಿನ ಗೋಡೆಗೆ ಮತ್ತೆ ಅದೇ ರವೆ.

ಅವಳು ಬಿಡುವ ಪೈಕಿಯೇ? ಮಷೀನು ಬರುವ ಮುಂಚಿನ ಹಳೆಯ ಬಿಳಿ ಪಿಂಗಾಣಿ ಬಿಲ್ಲೆ ತೆಗೆದಳು. ರಕ್ತದ ಗುಂಪು ನೋಡಲು ಬಿಲ್ಲೆಯ ಮೇಲೆ ಒಂದೊಂದು ಹನಿ ರಕ್ತ ಇಟ್ಟು ಬೇರೆ ಬೇರೆ ದ್ರವ ಬೆರೆಸುತ್ತಾರೆ. ಯಾವ ಹನಿ ಗಂಟಾಗುತ್ತದೆಯೋ ಅದರ ಮೇಲೆ ಗುಂಪು ಗೊತ್ತಾಗುತ್ತದೆ. ಅಪೂರ್ವಳ ರಕ್ತ ಪ್ರತಿಯೊಂದರಲ್ಲೂ ಗಂಟಾಯಿತು. ಬರೀ ಉಪ್ಪುನೀರು ಬೆರೆಸಿದರೂ ಗಂಟಾಯಿತು. ಉಪ್ಪುನೀರಿನಲ್ಲಿ ಯಾರ ರಕ್ತವೂ ತೆಪ್ಪಗೆ ಕೂರುತ್ತದೆ. ಇದು ಎದುರಾಳಿ ಇಲ್ಲದೆ ತನ್ನ ಜೊತೆ ತಾನೇ ಜಗಳಕ್ಕೆ ನಿಂತಿತ್ತು.

ಬಿಲ್ಲೆಯನ್ನು ನೋಡಿದ ತರುಣ ತಡಮಾಡಲಿಲ್ಲ, ಎಲ್ಲದರಲ್ಲೂ ಗಂಟಾದದ್ದು ಎಬಿಯೇ ಅಂತ ಎಬಿ ಗುಂಪು ಬರೆದ. ಸಂಜೆ ಫೋನು ಬಂತು. ಅಪೂರ್ವಳ ಕಂಪನಿ ಕಾರ್ಡಿನಲ್ಲಿ ಅವಳದು ಓ ಗುಂಪು.

"ಮೊದಲು ಸಾಯಿಸಿದ್ರಿ," ಅಂದಳು ಅವಳು, ಫೋನು ಕೌಂಟರಿನ ಮೇಲಿದ್ದರೂ ಇಡೀ ಕೋಣೆಗೆ ಕೇಳುವಂತೆ. "ಈಗ ಬೇರೆ ಅಪ್ಪ ಅಮ್ಮನಿಗೆ ಹುಟ್ಟಿಸಿದ್ರಿ. ಇನ್ನೆಂತ ಬಾಕಿ ಉಂಟು? ಶನಿವಾರ ಬರ್ತೇನೆ, ಕಡೇ ಸಲ. ಸಮ ಆಗದಿದ್ರೆ ಈ ಲ್ಯಾಬಿನ ಹೆಸರು ನಮ್ಮ ಕಂಪನಿಯಲ್ಲಿ ಯಾರೂ ಎತ್ತದ ಹಾಗೆ ಮಾಡ್ತೇನೆ."

ತರುಣ ಫೋನಿಟ್ಟು ಗುರುದೇವಿಯನ್ನು ಹೊರಗೆ ಮೆಟ್ಟಿಲ ಮೇಲಕ್ಕೆ ಕರೆದ. ಗುರುವಾರ, ಐದು ಗಂಟೆ. ಮೆಟ್ಟಿಲಿನ ಕಬ್ಬಿಣದ ಮೇಲೆ ಹಿಟ್ಟು ಹರಡಿದ್ದರೆ ದೋಸೆಯಾಗುತ್ತಿತ್ತು, ಮಗುಚುವ ಕೆಲಸವೂ ಇರಲಿಲ್ಲ. ಕೈಯಲ್ಲಿದ್ದ ಅಪೂರ್ವಳ ಟ್ಯೂಬನ್ನು ಒಳಗಿಡುವುದೂ ಮರೆತು ಅವಳು ಹೋದಳು.

"ಶನಿವಾರವೂ ಕೆಟ್ಟರೆ ಸೋಮವಾರದಿಂದ ನೀವು ಸೂಜಿ ಮುಟ್ಟೋ ಹಾಗಿಲ್ಲ," ಅಂದ. "ಕೌಂಟರಿನಲ್ಲಿ ಕೂತು ಲೇಬಲ್ ಅಂಟಿಸಿ. ಡಾಕ್ಟರಿಗೆ ಹೇಳಿದ್ದೀನಿ, ಅವರೂ ಸರಿ ಅಂದಿದ್ದಾರೆ."

"ಅವ್ರು ಗೋಡಿಗೆ ಢಿಕ್ಕಿ ಹೊಡದ್ರೂ ಗೋಡಿಗೆ ಸರಿ ಅಂತಾರ. ನನ್ನ ಕೈ ನಡುಗ್ಯಾವೇನು? ನೀವು ನೋಡೀರೇನು?"

"ವಯಸ್ಸಾಯ್ತು, ಮೇಡಂ. ಒಪ್ಕೊಳ್ಳೋದು ಕಷ್ಟ, ಗೊತ್ತು ನನಗೆ."

ಇಷ್ಟು ಸಾಕಾಯಿತು. ಅಲ್ಲಿಂದ ಮುಂದೆ ಗುರುದೇವಿ ಆಡಿದ್ದನ್ನೆಲ್ಲ ಬರೆದರೆ ಕಾಗದ ಹೊತ್ತಿಕೊಳ್ಳುತ್ತದೆ. ತರುಣನ ಐಸ್‌ಕ್ರೀಮು, ಅವನ ಟೈ, ಅವನ ಟೈ ಕಟ್ಟಲು ಕಲಿಸಿದವರು, ಯಾರೂ ಉಳಿಯಲಿಲ್ಲ. ಲಿಂಗಂಪಲ್ಲಿಯಿಂದ ಹೊರಡಬೇಕಿದ್ದ ಲೋಕಲ್ ರೈಲು ಐದು ನಿಮಿಷ ತಡವಾಯಿತು. ಚಾಲಕ ಪೂರ್ತಿ ಕೇಳಿಸಿಕೊಂಡೇ ಹೊರಟ ಅನ್ನುತ್ತಾರೆ. ಕಾಲು ಗಂಟೆ ಅವಳು ಬೈದಳು. ಆ ಕಾಲು ಗಂಟೆಯೂ ಟ್ಯೂಬು ಅವಳ ಬಲಗೈ ಮುಷ್ಟಿಯೊಳಗೇ ಇತ್ತು, ಕತ್ತು ಹಿಸುಕಿದಷ್ಟು ಬಿಗಿಯಾಗಿ. ಹಿಸುಕಬೇಕೆಂದಿದ್ದ ಕತ್ತು ಬೇರೆಯದು, ಆ ಮಾತು ಬೇರೆ.

ಒಳಗೆ ಬಂದು ಮುಷ್ಟಿ ಬಿಚ್ಚಿದಳು. ಟ್ಯೂಬು ಎತ್ತಿ ನೋಡಿದಳು. ರವೆ ಇಲ್ಲ. ಗೋಡೆ ನುಣ್ಣಗೆ, ರಕ್ತ ಎಲ್ಲರ ರಕ್ತದ ಹಾಗೆ ಸರಾಗವಾಗಿ ಜಾರುತ್ತಿದೆ.

ಅವಳು ಮಷೀನಿನ ಕೋಣೆಗೆ ಹೋಗಿ ಟ್ಯೂಬನ್ನು ಏಸಿಯ ಬಾಯಿಗೆ ಹಿಡಿದಳು. ಐದು ನಿಮಿಷದಲ್ಲಿ ಕಾಳುಕಾಳು. ಕಂಕುಳಲ್ಲಿಟ್ಟುಕೊಂಡಳು. ಹತ್ತು ನಿಮಿಷದಲ್ಲಿ ನುಣ್ಣಗೆ. ಮತ್ತೆ ಏಸಿ, ಮತ್ತೆ ಕಂಕುಳು. ನೋಡಿದವರು ಇವಳಿಗೆ ಹುಚ್ಚು ಹಿಡಿಯಿತು ಅಂದುಕೊಂಡಿದ್ದರೆ ಅವರ ತಪ್ಪಿಲ್ಲ. ಅವಳ ತಲೆಯೊಳಗೆ ಮಾತ್ರ ಸೇಡಂನ ಅಡುಗೆಮನೆ ಎದ್ದು ನಿಂತಿತ್ತು. ಹೆಪ್ಪುಗಟ್ಟಿದ ಹಾಲು ಮೊಸರಾಗುತ್ತದೆ. ಮೊಸರನ್ನು ಒಲೆಯ ಮೇಲಿಡಿ, ಕಂಕುಳಲ್ಲಿಡಿ, ಕಾಶಿಗೆ ಒಯ್ದು ಮುಳುಗಿಸಿ, ಅದು ಮತ್ತೆ ಹಾಲಾಗುವುದಿಲ್ಲ. ಆದರೆ ತುಪ್ಪ ಚಳಿಗೆ ಹರಳಾಗುತ್ತದೆ, ಬೆಚ್ಚಗಾದರೆ ಕರಗುತ್ತದೆ. ತನ್ನ ಕೈ ತಪ್ಪಿದ್ದರೆ ಇದು ಮೊಸರಾಗಿರುತ್ತಿತ್ತು. ಇದು ತುಪ್ಪ.

ಶುಕ್ರವಾರ ಅವಳು ಯಾರಿಗೂ ಏನೂ ಹೇಳಲಿಲ್ಲ. ಲ್ಯಾಬಿನವರಿಗೆ ಅದು ಬೈಗುಳಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಶನಿವಾರ ಬೆಳಿಗ್ಗೆ ಅಪೂರ್ವ ಬಂದಾಗ ತರುಣ ಐಸ್ ಡಬ್ಬಿ ಹಿಡಿದು ಕುರ್ಚಿಯ ಪಕ್ಕ ನಿಂತಿದ್ದ, ಕೈಯಲ್ಲಿ ಗಡಿಯಾರ. ವಿಠಲರು ಬಾಗಿಲ ಚೌಕಟ್ಟಿನಲ್ಲಿ ಅರ್ಧ ಒಳಗೆ ಅರ್ಧ ಹೊರಗೆ. ಗುರುದೇವಿ ಮನೆಯಿಂದ ಥರ್ಮಾಸ್ ತಂದಿದ್ದಳು. ಸ್ಟೀಲ್ ಡಬ್ಬಿಗೆ ಬಿಸಿನೀರು, ತಣ್ಣೀರು ಬೆರೆಸಿ, ಥರ್ಮಾಮೀಟರು ಅದ್ದಿ, ಮೈಯ ಬಿಸಿಗೆ ಸರಿಯಾಗಿ ಮೂವತ್ತೇಳಕ್ಕೆ ತಂದು ಖಾಲಿ ಟ್ಯೂಬು, ಸಿರಿಂಜು ಎರಡನ್ನೂ ಅದರಲ್ಲಿ ಮಲಗಿಸಿದ್ದಳು.

"ಇದೇನು?" ಅಂದ ತರುಣ.

"ಬಾಣಂತಿ ಸ್ನಾನ. ದೂರ ನಿಲ್ರಿ."

"ಇದು ನಿಯಮದಲ್ಲಿಲ್ಲ. ಡಾಕ್ಟ್ರೇ, ನೋಡಿ, ನಿಮ್ಮ ಮುಂದೆನೇ."

ವಿಠಲರು ಚೌಕಟ್ಟನ್ನು ನೋಡಿದರು.

"ಒಂದೇ ಚುಚ್ಚು, ಎರಡು ಟ್ಯೂಬು," ಅಂದಳು ಗುರುದೇವಿ. "ಒಂದು ನಿಮ್ಮ ಐಸಿಗೆ. ಒಂದು ನನ್ನ ನೀರಿಗೆ. ಒಂದs ತೋಳು, ಒಂದs ಸೂಜಿ, ಒಂದs ನಿಮಿಷ. ಎರಡೂ ಕೆಟ್ರ ನನ್ನ ಕೈ ಕೆಟ್ಟಂಗ. ಇವತ್ತs ಟ್ರೇ ಕೆಳಗಿಡ್ತೀನಿ, ಸೋಮವಾರತನಾ ಕಾಯೂದು ಬ್ಯಾಡ."

"ನನ್ನ ತೋಳಿನ ಮೇಲೆ ಪಂದ್ಯ ಕಟ್ಟಿದ್ದೀರಾ?" ಅಂದಳು ಅಪೂರ್ವ.

"ಕೋಳಿ ಮ್ಯಾಲ ಕಟ್ಟೂದಿಲ್ಲೇನು ನಿಮ್ಮ ಕಡೆ? ತೋಳು ನೀಡು."

ಅಪೂರ್ವ ತೋಳು ನೀಡಿದಳು. ಸುಮ್ಮನಿದ್ದದ್ದು ಒಪ್ಪಿಗೆಯಿಂದಲ್ಲ, ಇಬ್ಬರಲ್ಲಿ ಒಬ್ಬರಂತೂ ಇವತ್ತು ಸೋಲುತ್ತಾರೆ, ಅದನ್ನು ಕಣ್ಣಾರೆ ನೋಡೋಣ ಅನ್ನುವ ಹಟದಿಂದ. ಎರಡೂ ಟ್ಯೂಬು ತುಂಬಿದವು. ಒಂದನ್ನು ತರುಣ ಐಸಿನಲ್ಲಿ ಹೂತ. ಇನ್ನೊಂದು ಬೆಚ್ಚಗಿನ ನೀರಿಗೆ ಇಳಿಯಿತು.

ಮಷೀನಿನ ಕೋಣೆಯ ಬಾಗಿಲು ತೆರೆದರೆ ಏಸಿ ಬಂದ್. ಒಳಗೆ ಲಿಂಗಂಪಲ್ಲಿಯ ಸಹಜವಾದ ಸೆಕೆ ಕಾಲು ಚಾಚಿ ಕೂತಿತ್ತು.

"ರಿಮೋಟ್ ಎಲ್ಲಿ?" ಅಂದ ತರುಣ. "ಮಷೀನಿಗೆ ಏನಾದ್ರೂ ಆದ್ರೆ ನಿಮ್ಮ ಏಳು ಜನ್ಮ ಸಾಲಲ್ಲ."

"ನನ್ನ ಸೆರಗಿನ ಗಂಟಿನ್ಯಾಗೈತಿ. ಧೈರ್ಯ ಇದ್ರ ಬಿಚ್ಚಿ ತಗೋರಿ."

ಅವನ ಧೈರ್ಯ ನಾಗಪುರದವರೆಗೆ ಹೋಗಿ ಬಂದದ್ದಾದರೂ ಆ ಗಂಟಿನವರೆಗೆ ಹೋಗಲಿಲ್ಲ.

ಮೊದಲು ಐಸಿನ ಟ್ಯೂಬು: ಆರೂವರೆ ಲಕ್ಷ. ತರುಣ ತಲೆಯಾಡಿಸಿದ, ಅಯ್ಯೋ ಪಾಪ ಅನ್ನುವ ಹಾಗೆ. ಆಮೇಲೆ ನೀರಿನ ಟ್ಯೂಬು. ಮಷೀನು ಗೊರಗೊರ ಅಂದು ಕಾಗದ ಉಗುಳಿತು. ಇಪ್ಪತ್ತೇಳು ಲಕ್ಷ. ಹಿಮೋಗ್ಲೋಬಿನ್ನಿಗೂ ಕಣಕ್ಕೂ ತಾಳ ಕೂಡಿತ್ತು. ಕುಂಬಳಕಾಯಿಗಳು ಮಾಯವಾಗಿ ಕಣಗಳು ಕಣದ ಗಾತ್ರಕ್ಕೆ ಬಂದಿದ್ದವು.

"ಇನ್ನೂ ಮುಗದಿಲ್ಲ," ಅಂದಳು ಗುರುದೇವಿ. ಐಸಿನ ಟ್ಯೂಬನ್ನು ನೀರಿಗೆ ಹಾಕಿದಳು, ನೀರಿನದನ್ನು ಐಸಿಗೆ. ಕಾಲು ಗಂಟೆ ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದೆ ನಿಂತರು. ಇಪ್ಪತ್ತೇಳು ಇದ್ದದ್ದು ಏಳಾಯಿತು. ಆರೂವರೆ ಇದ್ದದ್ದು ಇಪ್ಪತ್ತೇಳಾಯಿತು.

"ಮಸರು ಹಾಲಾಗಿದ್ದು ನೋಡೀರೇನ್ರಿ ಎಲ್ಲೆರೆ, ಸಾಹೇಬ್ರ?" ಅಂದಳು. "ಇದು ಹೆಪ್ಪಲ್ಲ. ನಿಮ್ಮ ಐಸಿಗೆ ಹರಳುಗಟ್ಟಿದ ತುಪ್ಪ. ನನ್ನ ಕೈ ಮ್ಯಾಲ ಹಾಕಿದ ಮಾತು ತಗೋರಿ ವಾಪಸ್."

ತರುಣ ಏನೂ ಹಿಂತೆಗೆದುಕೊಳ್ಳಲಿಲ್ಲ. ಆದರೆ ವಿಠಲರು ಚೌಕಟ್ಟಿನಿಂದ ಪೂರ್ತಿ ಹೊರಬಂದರು; ಅವರ ಎತ್ತರ ಎಷ್ಟು ಅಂತ ಸಿಬ್ಬಂದಿಗೆ ಅವತ್ತೇ ತಿಳಿದದ್ದು. ಟ್ಯೂಬನ್ನು ಕೈಯಲ್ಲಿ ತಿರುಗಿಸುತ್ತ, ಮೈಕ್ರೋಸ್ಕೋಪಿನ ಜೊತೆ ಮಾತಾಡುವಷ್ಟು ಧೈರ್ಯವಾಗಿ ಅಪೂರ್ವಳನ್ನು ಕೇಳಿದರು.

"ತಿಂಗಳ ಹಿಂದ ಕೆಮ್ಮು ಬಂದಿತ್ತೇನ್ರಿ? ಜ್ವರ, ಭಾಳ ದಿನ ಹೋಗದಿದ್ದ ಕೆಮ್ಮು?"

"ಇಡೀ ಟೀಮಿಗೆ ಬಂದಿತ್ತು. ಏಸಿ ಹಾಲ್, ಒಬ್ಬ ಕೆಮ್ಮಿದ್ರೆ ಹನ್ನೆರಡು ಜನ ಕೆಮ್ಮುದು. ನನಗೆ ಮೂರು ವಾರ ಹೋಗ್ಲಿಲ್ಲ."

"ಅದs. ಮೈಯಾಗ ರೋಗಾಣು ಹೊಕ್ಕಾಗ ನಮ್ಮ ರಕ್ತ ಅದನ್ನ ಹಿಡ್ಯಾಕ ಒಂದು ಪದಾರ್ಥ ತಯಾರ್ ಮಾಡ್ತದ. ಪ್ರತಿಕಾಯ ಅಂತಾರ. ಒಂದೊಂದಕ್ಕೂ ಐದಾರು ಕಡೆ ಹಿಡಿಕಿ ಇರ್ತಾವ, ರೋಗಾಣುಗಳ ಜುಟ್ಟು ಒಟ್ಟಿಗೇ ಹಿಡೀತಾವ. ಅಪರೂಪಕ್ಕ ಒಮ್ಮೊಮ್ಮೆ ಗುರುತು ತಪ್ಪತದ. ರೋಗಾಣು ಅಂತ ತಿಳಕೊಂಡು ನಮ್ಮ ಕೆಂಪು ಕಣಾನs ಹಿಡದು ಗಂಟು ಹಾಕ್ತಾವ. ನಿಮ್ಮವು ಥಂಡಿ ಆದ್ರ ಮಾತ್ರ ಹಿಡಿಯೋ ಜಾತಿ." ವಿಠಲರು ಇಷ್ಟು ಮಾತಾಡಿ ದಣಿದು ಸ್ಟೂಲಿನ ಮೇಲೆ ಕೂತರು. ಅವರ ಮದುವೆಯಲ್ಲೂ ಅವರು ಇದರ ಅರ್ಧ ಮಾತಾಡಿರಲಿಲ್ಲ.

"ಅಂದ್ರೆ?" ಅಂದಳು ಅಪೂರ್ವ. ಮಷೀನು ಉಗುಳಿದ ಕಾಗದವನ್ನು ತನ್ನ ಕಡೆ ಎಳೆದುಕೊಂಡಳು.

"ಅಂದ್ರ ಮನಿ ಕಾಯಾಕ ಸಾಕಿದ ನಾಯಿ ಮನಿಯವರನ್ನs ಕಡ್ಯಾಕತ್ತೈತಿ," ಅಂದಳು ಗುರುದೇವಿ. "ಸೆಕಿ ಇದ್ದಾಗ ಮಲಗತೈತಿ. ಏಸಿ ಹಾಕಿದ್ರ ಎದ್ದು ಹಲ್ಲು ಕಿಸೀತೈತಿ. ಬೆರಳ ತುದಿ ತಣ್ಣಗಾದ್ರ ರಕ್ತ ಅಲ್ಲೇ ಗಂಟಾಗಿ ನೀಲಿ ಆಗತೈತಿ. ಕಡಿಸಿಕೊಂಡ ಕಣ ಸಾಯ್ತಾವ, ಅದಕ್ಕs ನಿನಗ ದಮ್ಮು ಹತ್ತೂದು. ಮಷೀನು ಸುಳ್ಳು ಹೇಳಿತ್ತು ಖರೆ, ಆದ್ರ ನಿನಗ ರಕ್ತ ಕಡಿಮಿ ಇದ್ದದ್ದು ಸುಳ್ಳಲ್ಲ. ನಲವತ್ತೈದಿರೋದು ಇಪ್ಪತ್ತೇಳಕ್ಕ ಇಳದೈತಿ."

ಅಪೂರ್ವ ಕಾಗದವನ್ನು ದಿಟ್ಟಿಸಿದಳು. ಕೆಲಸಗಳ್ಳಿ ಅಂದವರ ಮುಖಕ್ಕೆ ಎಸೆಯಲು ಬೇಕಿದ್ದ ಕಾಗದ ಸಿಕ್ಕಿತ್ತು. ಸಿಕ್ಕಿದ ಮೇಲೆ ಅದು ಅಷ್ಟೇನೂ ಹಗುರವಾಗಿರಲಿಲ್ಲ.

"ಹೋಗ್ತದಾ ಇದು?"

"ಕೆಮ್ಮಿನ ಹಿಂದ ಬಂದದ್ದು ಬಹುಶಃ ಕೆಲವು ವಾರದಾಗ ತಾನs ಇಳೀತದ," ಅಂದರು ವಿಠಲರು. "ಖಾತ್ರಿ ಮಾಡ್ಲಿಕ್ಕೆ ಇನ್ನೆರಡು ಪರೀಕ್ಷೆ ಆಗಬೇಕು. ರಕ್ತರೋಗದ ಡಾಕ್ಟರ್ ಹತ್ರ ಚೀಟಿ ಕೊಡ್ತೀನಿ. ಬೆಚ್ಚಗಿರ್ರಿ. ವಾರಕ್ಕೊಮ್ಮೆ ರಕ್ತ ನೋಡಬೇಕು. ಆಫೀಸಿಗೂ ಬರದು ಕೊಡ್ತೀನಿ."

"ಹದಿನೈದು ದಿನ," ಅಂದಳು ಅಪೂರ್ವ ಮೂವರನ್ನೂ ಸಾಲಾಗಿ ನೋಡುತ್ತ. "ಒಬ್ಬ ಐಸ್ ಹಾಕಿದ. ಒಬ್ರು ಮಾತಾಡಲಿಲ್ಲ. ಒಬ್ಬಳು ಮಾತು ನಿಲ್ಲಿಸಲಿಲ್ಲ. ನಡುವೆ ನನ್ನ ರಕ್ತ." ಬ್ಯಾಗು ಎತ್ತಿಕೊಂಡು ಮೆಟ್ಟಿಲಿಳಿದಳು. ಧನ್ಯವಾದ ಎಂಬ ಪದ ಆ ಕಟ್ಟಡದೊಳಗೆ ಅವತ್ತು ಯಾರ ಬಾಯಿಂದಲೂ ಬೀಳಲಿಲ್ಲ.

ಅವಳು ಹೋದ ಮೇಲೆ ತರುಣ ಟೈ ಸರಿಮಾಡಿಕೊಂಡ.

"ರಿಸಲ್ಟ್ ಸರಿ ಇರಬಹುದು. ಆದ್ರೆ ನೀವು ಏಸಿ ಆಫ್ ಮಾಡಿದ್ರಿ, ರಿಮೋಟ್ ಬಚ್ಚಿಟ್ರಿ, ಡಾಕ್ಟರ್ ಇರುವಾಗ ಪೇಷಂಟಿಗೆ ರೋಗ ವಿವರಿಸಿದ್ರಿ. ಮೂರು ಉಲ್ಲಂಘನೆ. ಸೋಮವಾರದಿಂದ ಕೌಂಟರ್, ಮೇಡಂ. ಪ್ರೊಸೆಸ್ ಅಂದ್ರೆ ಪ್ರೊಸೆಸ್."

ಗುರುದೇವಿ ವಿಠಲರ ಕಡೆ ನೋಡಿದಳು. ಅವರ ಎತ್ತರ ಮತ್ತೆ ಕಡಿಮೆಯಾಗತೊಡಗಿತ್ತು.

ಸೋಮವಾರ ಅವಳು ಕೌಂಟರಿನಲ್ಲಿ ಕೂತಳು. ಇಪ್ಪತ್ತೆರಡು ವರ್ಷ ನರ ಹುಡುಕಿದ ಬೆರಳಿಗೆ ಅಂಟು ಮೆತ್ತಿಕೊಂಡಿತು. ಗಾರೆ ಕೆಲಸದ ಹೆಂಗಸರು ಒಳಗೆ ಅವಳ ಜಾಗಕ್ಕೆ ಬಂದ ಹೊಸ ಹುಡುಗಿಯ ಹತ್ತಿರ ಮೂರು ಮೂರು ಸಲ ಚುಚ್ಚಿಸಿಕೊಂಡು, ಹೊರಗೆ ಬಂದು ತೋಳು ತೋರಿಸಿ, "ಯಾಕವ್ವ ಇಲ್ಲಿ ಕುಂತಿ?" ಅಂದರು. ಅವಳು ಮುಂದಿನ ಲೇಬಲ್ಲು ಎತ್ತಿಕೊಂಡಳು. ಆ ವಾರ ಅವಳು ಅಂಟಿಸಿದ ಲೇಬಲ್ಲುಗಳನ್ನು ಸಾಲಾಗಿ ಹಾಸಿದ್ದರೆ ಕಲಬುರಗಿ ಮುಟ್ಟಿ ವಾಪಸು ಬರಬಹುದಿತ್ತು. ಒಂದೂ ಸೊಟ್ಟಗಿರಲಿಲ್ಲ, ಸೊಟ್ಟಗೆ ಅಂಟಿಸಿ ತರುಣನಿಗೆ ಸಂತೋಷ ಕೊಡುವ ಹೆಂಗಸಲ್ಲ ಅವಳು.

ಮುಂದಿನ ಶನಿವಾರ ಅಪೂರ್ವ ಬಂದಳು. ಸ್ವೆಟರು ಹಾಗೇ ಇತ್ತು, ಕೋಪವೂ. ತರುಣ ಸ್ವತಃ ಕುರ್ಚಿ ಒರೆಸಿ ಹೊಸ ಹುಡುಗಿಯನ್ನು ಕರೆದ. ಆ ಹುಡುಗಿ ಖಾಲಿ ಟ್ಯೂಬನ್ನು ನೇರ ಐಸ್ ಡಬ್ಬಿಯ ಪಕ್ಕ ಇಟ್ಟಳು, ಅಭ್ಯಾಸಬಲ.

"ಇವಳು ಬೇಡ," ಅಂದಳು ಅಪೂರ್ವ. "ಆ ಜಗಳಗಂಟಿ ಎಲ್ಲಿ?"

"ಅವರನ್ನ ಬೇರೆ ವಿಭಾಗಕ್ಕೆ ಹಾಕಿದ್ದೀವಿ, ಮೇಡಂ. ನಿಮ್ಮ ಹತ್ರ ಅವರು ಮಾತಾಡಿದ ರೀತಿಗೆ ನಾವೇ ಕ್ರಮ ತಗೊಂಡ್ವಿ."

"ನನ್ನ ಹೆಸರಿನಲ್ಲಾ? ನಾನು ಕೇಳಿದ್ನಾ ನಿಮ್ಮನ್ನ?" ಅಪೂರ್ವ ಕುರ್ಚಿಯಿಂದ ಎದ್ದಳು. "ಬೈದದ್ದು ನನಗೆ. ಅದರ ಲೆಕ್ಕ ನಾನು ನೋಡಿಕೊಳ್ತೇನೆ. ನಿಮ್ಮ ಐಸಿನ ಲೆಕ್ಕ ಕಂಪನಿಗೆ ಬರೆದು ಇಟ್ಟಿದ್ದೇನೆ, ಇನ್ನೂ ಕಳಿಸ್ಲಿಲ್ಲ. ಎಂತ, ಕಳಿಸ್ಲಾ?"

ತರುಣ ಹೊಸ ಹುಡುಗಿಯ ಕೈಯಿಂದ ಸೂಜಿಯ ಟ್ರೇ ತೆಗೆದುಕೊಂಡ. ಕುರ್ಚಿಯಿಂದ ಕೌಂಟರಿಗೆ ಹನ್ನೆರಡು ಹೆಜ್ಜೆ. ಅಷ್ಟು ದೂರ ನಡೆಯಲು ಅವನಿಗೆ ಬೇಕಾದ ಹೊತ್ತಿನಲ್ಲಿ ಕೊಂಡಾಪುರದಲ್ಲಿ ಇನ್ನೆರಡು ಮಹಡಿ ಎದ್ದವು.

"ಬನ್ನಿ," ಅಂದ.

"ಲೇಬಲ್ ನಲವತ್ತು ಉಳದಾವ್ರಿ," ಅಂದಳು ಗುರುದೇವಿ, ತಲೆಯೆತ್ತದೆ.

"ನಾನು ಅಂಟಿಸ್ತೀನಿ."

"ಬಿಸಿನೀರು?"

"ತರಿಸ್ತೀನಿ."

"ತರಸೂದಲ್ಲ. ತರ್ರಿ. ಮೂವತ್ತೇಳಕ್ಕ ಸರಿಯಾಗಿ, ನೋಡಿ ತರ್ರಿ. ಸೋಮವಾರ?"

ತರುಣ ಸುತ್ತ ನೋಡಿದ. ಹೊರಗೆ ಬೆಂಚಿನ ಮೇಲೆ ಕೂತ ಒಂಬತ್ತು ಜನ ಒಂಬತ್ತು ತೋಳುಗಳನ್ನು ಸವರಿಕೊಳ್ಳುತ್ತ ಅವನನ್ನೇ ನೋಡುತ್ತಿದ್ದರು.

"ಸೋಮವಾರದಿಂದಲೂ ಟ್ರೇ ನಿಮ್ಮದೇ," ಅಂದ, ಹಲ್ಲಿನ ಸಂದಿಯಿಂದ.

ಗುರುದೇವಿ ಕೈ ತೊಳೆದು, ಅಂಟು ಹೋಗುವವರೆಗೆ ಉಜ್ಜಿ, ಕುರ್ಚಿಯ ಹತ್ತಿರ ಬಂದಳು. ಅಪೂರ್ವ ಗವಸು ತೆಗೆದಿದ್ದಳು. ಬೆರಳ ತುದಿ ಕಳೆದ ವಾರಕ್ಕಿಂತ ಒಂದೆಳೆ ಕಡಿಮೆ ನೀಲಿ. ಗುರುದೇವಿ ಅದನ್ನು ನೋಡಿದಳು, ಹೇಳಲು ಬಾಯಿ ತೆರೆದಳು.

"ಒಂದು ಷರತ್ತು," ಅಂದಳು ಅಪೂರ್ವ. "ಬಾಯಿ ಮುಚ್ಚಿಕೊಂಡು ಚುಚ್ಚಬೇಕು. ಒಂದು ಶಬ್ದ ಬಂದ್ರೂ ಎದ್ದು ಹೋಗ್ತೇನೆ."

ಗುರುದೇವಿಯ ಕತ್ತಿನ ನರ ಹಗ್ಗದಂತೆ ಉಬ್ಬಿತು. ಅವಳು ಬಾಯಿ ಮುಚ್ಚಿದಳು. ಲಿಂಗಂಪಲ್ಲಿಯ ಮೇಲೆ ಅರ್ಧ ನಿಮಿಷ ಎಂಥ ಮೌನ ಇಳಿಯಿತೆಂದರೆ ಕೆಳಗೆ ಬಾಣಲೆಯಲ್ಲಿ ಮಿರ್ಚಿ ಮಗ್ಗಲು ಬದಲಿಸಿದ್ದು ಕೇಳಿಸಿತು. ಸೂಜಿ ಹೋಯಿತು, ಬೆಚ್ಚಗಿನ ಟ್ಯೂಬು ತುಂಬಿತು, ಸೂಜಿ ಹೊರಬಂತು.

"ನೋವಾಯ್ತು," ಅಂದಳು ಅಪೂರ್ವ.

ಅದು ಶುದ್ಧ ಸುಳ್ಳು ಅಂತ ಇಬ್ಬರಿಗೂ ಗೊತ್ತಿತ್ತು. ಗುರುದೇವಿ ತುಟಿ ಕಚ್ಚಿಕೊಂಡು ತೋಳಿನ ಮೇಲೆ ಹತ್ತಿ ಇಟ್ಟು ಒತ್ತಿದಳು, ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿಯೇ.